ಟೇಪಕ್ಕ ಸತ್ತ ಗುರುವಾರ

ಮೂರನೇ ಮಹಡಿಯ ಬಾಡಿಗೆ ಕೋಣೆಗೆ ನಾನು ಬಂದ ಹೊಸತು. ಒಂದು ಸಂಜೆ ಕೆಲಸ ಮುಗಿಸಿ ಮೆಟ್ಟಿಲು ಹತ್ತುತ್ತಿದ್ದಾಗ, ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡ ಹೆಂಗಸೊಬ್ಬರು ಮೆಟ್ಟಿಲು ತಿರುಗುವ ಜಾಗದಲ್ಲಿ ಕುಕ್ಕರುಗಾಲಲ್ಲಿ ಕೂತು ಗೋಡೆಯಿಂದ ಕಂಬಿಯವರೆಗೆ ಅಳೆಯುತ್ತಿದ್ದರು. ಮನೆ ಓನರ್ ನನಗೊಂದು ಬೀರು ಹಾಕಿಸಿಕೊಡುತ್ತೇನೆ ಎಂದು ಮಾತು ಕೊಟ್ಟಿದ್ದರು. ಪರವಾಗಿಲ್ಲ, ಮಾತಿಗೆ ತಪ್ಪದ ಮನುಷ್ಯ ಎಂದು ಮನಸ್ಸಿನಲ್ಲೇ ಹೊಗಳಿದೆ. ಹೆಂಗಸು ನನ್ನ ಹಿಂದೆಯೇ ಮೇಲೆ ಬಂದು ಬಾಗಿಲಿನ ಅಗಲ ಹಿಡಿದರು. ಆಮೇಲೆ ನನ್ನನ್ನೂ ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು.

"ಯಾವಾಗ ತರ್ತೀರಿ?" ಎಂದು ಕೇಳಿದೆ.

"ಈ ವಯಸ್ಸಿಗೆ ಏನು ಆತುರ? ಬೇಕಾದಾಗ ತಂದೇ ತರ್ತೀವಿ."

"ಇಲ್ಲ, ನಂಗೆ ಈ ವಾರಾನೇ ಬೇಕಿತ್ತು. ಸ್ವಲ್ಪ ದೊಡ್ಡದೇ ಇರಲಿ."

"ನಿಂಗೆ ಮಾಮೂಲಿ ಸೈಜೇ ಸಾಕು," ಎಂದು ಅವರು ಮುಖದ ಒಂದು ಗೆರೆಯನ್ನೂ ಅಲ್ಲಾಡಿಸದೆ ಹೇಳಿ, ದರ್ಜಿಗಳ ಸೀಮೆಸುಣ್ಣದಿಂದ ನನ್ನ ಬಾಗಿಲಿನ ಚೌಕಟ್ಟಿನ ಮೇಲೆ ಒಂದು ಸಣ್ಣ ಗೀಟು ಎಳೆದು ಇಳಿದು ಹೋದರು.

ಅವರು ಅಳೆದದ್ದು ಶವಪೆಟ್ಟಿಗೆಗೆ ಎಂದು ತಿಳಿದದ್ದು ಭಾನುವಾರ. ಅಮ್ಮ ಫೋನಿನಲ್ಲಿ ಪೀಡಿಸುತ್ತಿದ್ದುದರಿಂದ ಆ ಬೀದಿಯ ಚರ್ಚಿಗೆ ಹೋಗಿದ್ದೆ. ಪೂಜೆ ಮುಗಿದ ಮೇಲೆ ಅದೇ ಹೆಂಗಸು ಎದುರಾದರು. ನಾನು ಧೈರ್ಯವಾಗಿ ಎಲ್ಲರ ಮುಂದೆ, ಇನ್ನೂ ಯಾಕೆ ತಂದಿಲ್ಲ ಎಂದು ವಿಚಾರಿಸಿದೆ. ಪಕ್ಕದಲ್ಲಿದ್ದ ಬೇಕರಿ ಮಾಮ ನಕ್ಕು ನಕ್ಕು ಕಂಬ ಹಿಡಿದುಕೊಂಡು ನಿಂತರು. ಯಾರ ಮನೆಯ ಮೆಟ್ಟಿಲಲ್ಲಿ ಪೆಟ್ಟಿಗೆ ತಿರುಗುತ್ತದೆ, ಯಾರ ಮನೆಯಲ್ಲಿ ಬಾಗಿಲು ಕಳಚಬೇಕು ಎಂದು ಆ ಅಕ್ಕ ಚರ್ಚಿಗೆ ಸೇರಿದ ಎಲ್ಲ ಮನೆಗಳನ್ನೂ ಮೊದಲೇ ಅಳೆದಿಟ್ಟಿರುತ್ತಾರಂತೆ. ಚರ್ಚಿನವನೇ ಹೊಸದಾಗಿ ಬಂದಿದ್ದಾನೆ ಎಂದು ಓನರ್ ಹೇಳಿದ್ದರಿಂದ ನನ್ನದೂ ಆಯಿತು. ಗೀಟು ಒಂದೇ ಇದ್ದರೆ ಸಲೀಸು ಎಂದರ್ಥ. ನನ್ನದು ಸಲೀಸಾಗಿ ಇಳಿಯುವ ಹೆಣ ಎಂದು ತಿಳಿದು ಸಮಾಧಾನಪಡಬೇಕೋ ಬೇಡವೋ ಗೊತ್ತಾಗಲಿಲ್ಲ. ಅಷ್ಟರಲ್ಲಿ ಅಕ್ಕ ನನ್ನ ತೋಳು ಹಿಸುಕಿ ನೋಡಿ, ನಾಳೆಯಿಂದ ಕುರ್ಚಿ ಹೊರುವ ಕೆಲಸ ನಿನ್ನದು ಎಂದುಬಿಟ್ಟಿದ್ದರು.

ಅವರನ್ನು ಎಲ್ಲರೂ ಟೇಪಕ್ಕ ಎನ್ನುತ್ತಿದ್ದರು. ಬಟ್ಟೆ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಕೂತು ಕಿಟಕಿ ಪರದೆ ಹೊಲಿಯುವುದು ಅವರ ಜೀವನ. ಗಂಡ ಬಸ್ಸಿನ ಡ್ರೈವರ್. ಮದುವೆಯಾದ ಸ್ವಲ್ಪ ವರ್ಷಕ್ಕೇ, ಅವರಿದ್ದ ಮಹಡಿ ಮನೆಯಲ್ಲಿ ಎದೆ ಹಿಡಿದುಕೊಂಡು ಹೋಗಿಬಿಟ್ಟರು. ಪೆಟ್ಟಿಗೆ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತು. ಮೇಲಿದ್ದವರು ಇಳಿಸಿ ಎಂದರು, ಕೆಳಗಿದ್ದವರು ಎತ್ತಿ ಎಂದರು. ಕೊನೆಗೆ ಯಾರೋ ಬುದ್ಧಿವಂತರು ಅದನ್ನು ನೆಟ್ಟಗೆ ನಿಲ್ಲಿಸಿ ತಿರುಗಿಸಿದರು. ಟೇಪಕ್ಕ ಹಿಂದೆಯೇ ನಿಂತಿದ್ದರು. ಈ ಕಥೆಯನ್ನು ಅವರು ನನಗೆ ಹೇಳಿದ್ದು ಒಂದೇ ಸಲ, ಪರದೆಯ ಅಂಚು ಮಡಿಸುತ್ತಾ, ತಲೆ ಎತ್ತದೆ. "ಒಳಗೆ ಅವರು ಜಾರಿದ ಸದ್ದು ಕೇಳಿಸ್ತು" ಎಂದರು. ಇನ್ನೊಂದು ಅಂಚು ಮಡಿಸತೊಡಗಿದರು.

ಆಮೇಲೆ ಅವರು ಕಟ್ಟಿದ್ದು ನಮ್ಮ ತಂಡ. ಯಾರೇ ತೀರಿಕೊಂಡರೂ ಮನೆಯವರು ಒಂದು ಲೋಟ ನೀರಿಗೂ ಓಡಾಡಬಾರದು ಎಂಬುದು ಅವರ ಹಟ. ಬೇಕರಿ ಮಾಮನದು ಟೀ. ಚರ್ಚಿನ ಎದುರು ಹೂವಿನಂಗಡಿ ಇಟ್ಟಿರುವ ಅತ್ತೆಯದು ಹೂವು. ನಿವೃತ್ತ ಡ್ರಿಲ್ ಮೇಷ್ಟ್ರದು ಹೆಗಲು ಕೊಡುವವರ ಎತ್ತರ ಹೊಂದಿಸಿ ಹೆಜ್ಜೆ ಕೂಡಿಸುವ ಕೆಲಸ. ನನ್ನದು ಕುರ್ಚಿ, ಆಳು ಕಡಿಮೆಯಾದರೆ ಪೆಟ್ಟಿಗೆಯ ಹಿಂದಿನ ಮೂಲೆ. ಟೇಪಕ್ಕ ಕಲಿಸಿದ ನಿಯಮ ಒಂದೇ. ನಿನ್ನ ಕೆಲಸ ನೀನು ಮಾಡು, ಮತ್ತೊಬ್ಬರದು ಆಗಿದೆಯಾ ಅಂತ ಕೇಳುತ್ತಾ ನಿಲ್ಲಬೇಡ, ಆಗಿರುತ್ತದೆ. ಸತ್ತ ಮನೆಯಲ್ಲಿ ಪ್ರಶ್ನೆ ಕೇಳುವವರು ಜಾಸ್ತಿಯಾದರೆ ಪೆಟ್ಟಿಗೆ ತಿರುವಿನಲ್ಲೇ ನಿಲ್ಲುತ್ತದೆ ಎನ್ನುವುದು ಅವರ ಅನುಭವ.

ಇನ್ನೊಂದು ಪದ್ಧತಿಯೂ ಇತ್ತು. ಪೆಟ್ಟಿಗೆಯ ಮೇಲೆ ಹೊದಿಸುವ ದೊಡ್ಡ ಕಪ್ಪು ಬಟ್ಟೆ, ನಡುವೆ ಬಿಳಿ ಶಿಲುಬೆ. ಅದನ್ನು ಹೊಲಿದವರು, ಇಟ್ಟುಕೊಂಡವರು ಟೇಪಕ್ಕನೇ. ಸಾವಿನ ಸುದ್ದಿ ಬಂದ ಕೂಡಲೇ ಅದು ಚರ್ಚಿನ ಹಿತ್ತಿಲ ಗೋಡೆಯ ಮೇಲೆ ಬಿಸಿಲಿಗೆ ಬೀಳುತ್ತಿತ್ತು. ಗೋಡೆಯ ಮೇಲೆ ಕಪ್ಪು ಕಂಡರೆ ನಾವು ಯಾರೂ ಕರೆಯದೆಯೇ ಬಂದು ಸೇರುತ್ತಿದ್ದೆವು.

ಆ ವರ್ಷ ಬಂದ ಹೊಸ ಫಾದರಿಗೆ ಇದೆಲ್ಲ ಒಬ್ಬ ಹೆಂಗಸಿನ ತಲೆಯ ಮೇಲೆ ನಿಂತ ಕೆಲಸ ಅನ್ನಿಸಿತು. ಈಗೀಗ ಎಲ್ಲವನ್ನೂ ನೋಡಿಕೊಳ್ಳುವ ಕಂಪನಿಗಳಿವೆ, ಅವರಿಗೆ ವಹಿಸಿಬಿಡೋಣ ಎಂದು ಸಭೆಯಲ್ಲಿ ಎತ್ತಿದರು. ನಾಳೆ ಅಕ್ಕನಿಗೇ ಏನಾದರೂ ಆದರೆ ಇವರಿಗೆ ದಿಕ್ಕು ಯಾರು ಎಂದು ಕೇಳಿದರು. ಟೇಪಕ್ಕನ ಮುಖ ಕೆಂಪಾಯಿತು. ನಾನಿಲ್ಲದಿದ್ದರೂ ಇವರು ಒಂದು ಹೂವನ್ನೂ ತಪ್ಪಾಗಿ ಇಡೋದಿಲ್ಲ ಎಂದು ಪಟ್ಟು ಹಿಡಿದರು. ಮುಂದಿನ ಭಾನುವಾರ ತೀರ್ಮಾನ ಎಂದಾಯಿತು. ತಂಡ ಮುಚ್ಚಿದರೆ ಅವರಿಗೆ ಪರದೆ ಹೊಲಿಯುವುದೊಂದೇ ಉಳಿಯುತ್ತಿತ್ತು. ಆ ವಾರವೆಲ್ಲ ಅವರು ಯಾರ ಹತ್ತಿರವೂ ನೆಟ್ಟಗೆ ಮಾತಾಡಲಿಲ್ಲ.

ಗುರುವಾರ ನಾನು ಆಫೀಸಿನಲ್ಲಿದ್ದೆ. ನನ್ನ ಕೆಲಸ ವಾಷಿಂಗ್ ಮಷೀನು ಕೆಟ್ಟವರ ಫೋನು ಎತ್ತಿ ಬೈಸಿಕೊಳ್ಳುವುದು. ಅದಕ್ಕೆ ಸಂಬಳ ಕೊಡುತ್ತಾರೆ ಎನ್ನುವುದೇ ನನಗೆ ತಿಂಗಳು ತಿಂಗಳೂ ಆಶ್ಚರ್ಯ. ನನ್ನ ಸ್ವಂತ ಫೋನಿಗೆ ಹೂವಿನ ಅತ್ತೆಯ ಕರೆ ಬಂತು. ಟೇಪಕ್ಕ ಹೋಗಿಬಿಟ್ಟರು ಎಂದರು.

"ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ," ಎಂದು ನನ್ನ ಬಾಯಿ ತಾನಾಗಿಯೇ ಹೇಳಿತು.

ಸುದ್ದಿ ತಲೆಗೆ ಹತ್ತಿದ್ದು ಆಮೇಲೆ. ಬೆಳಗ್ಗೆ ಬಸ್ ಸ್ಟಾಪಿನಲ್ಲಿ ನನ್ನ ಅಂಗಿಯ ಕಾಲರು ಸರಿ ಮಾಡಿ, ಮದುವೆ ಆಗೋ ಹುಡುಗ ಹೀಗಾ ಓಡಾಡೋದು ಎಂದು ಗದರಿಸಿದ್ದವರು. ರಜೆ ಕೇಳಿ ಓಡಿದೆ. ಆದರೆ ಬಸ್ಸಿನಲ್ಲಿ ಕೂತ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಏನು? ಸಭಾಂಗಣದ ಕುರ್ಚಿಗಳು ಮಡಿಸಿವೆಯೋ ಬಿಡಿಸಿವೆಯೋ ಎಂಬುದು. ನನ್ನ ಬಗ್ಗೆ ನನಗೇ ಗಾಬರಿಯಾಯಿತು. ಆದರೂ ಕುರ್ಚಿಯ ಯೋಚನೆ ನಿಲ್ಲಲಿಲ್ಲ.

ಚರ್ಚು ತಲುಪಿದಾಗ ಎಲ್ಲರೂ ಬಂದಿದ್ದರು. ಒಂದು ಜೋರು ಮಾತಿಲ್ಲ. ಹೂವಿನ ಅತ್ತೆ ಮೂಗು ಒರೆಸಿಕೊಳ್ಳುತ್ತಲೇ ಬಿಳಿ ಹೂವಿನ ಚಕ್ರ ಕಟ್ಟುತ್ತಿದ್ದರು. ಬೇಕರಿ ಮಾಮ ಟೀ ಪಾತ್ರೆಯ ಬೆಂಕಿ ತಗ್ಗಿಸಿ ನಿಂತಿದ್ದರು. ಡ್ರಿಲ್ ಮೇಷ್ಟ್ರು ಪೆಟ್ಟಿಗೆ ಇಡುವ ಬೆಂಚನ್ನು ಪೀಠದ ಮುಂದೆ ನೇರ ಮಾಡಿ, ಹೆಗಲು ಕೊಡುವವರನ್ನು ಎತ್ತರದ ಪ್ರಕಾರ ನಿಲ್ಲಿಸಿ, ಸದ್ದಿಲ್ಲದೆ ಹೆಜ್ಜೆ ಹಾಕಿಸುತ್ತಿದ್ದರು. ನಾನು ಕುರ್ಚಿ ಜೋಡಿಸಿದೆ. ಮುಂದಿನ ಸಾಲನ್ನು ಮನೆಯವರಿಗೆ ಬಿಟ್ಟೆ. ಟೇಪಕ್ಕನಿಗೆ ಯಾರೂ ಇಲ್ಲ ಎಂದು ಗೊತ್ತಿದ್ದೂ ಬಿಟ್ಟೆ. ಹಾಗೆ ಬಿಡಬೇಕು ಎಂದು ಕಲಿಸಿದ್ದು ಅವರೇ.

ರೋಗಿಯೊಬ್ಬರನ್ನು ನೋಡಲು ದೂರ ಹೋಗಿದ್ದ ಫಾದರ್ ಸುದ್ದಿ ತಿಳಿದು ಓಡೋಡಿ ಬಂದರು. ಬಾಗಿಲಲ್ಲೇ ನಿಂತುಬಿಟ್ಟರು. ಮೇಣದ ಬತ್ತಿ, ಹೂವು, ಕುರ್ಚಿ, ಬಿಸಿ ಟೀ, ಎಲ್ಲವೂ ಅದರದರ ಜಾಗದಲ್ಲಿ. ಅಕ್ಕ ಹೇಳಿದ್ದೇ ಸರಿ, ನಾನೇ ತಪ್ಪು ತಿಳಿದಿದ್ದೆ ಎಂದರು. ನಾವೆಲ್ಲ ದುಃಖದ ನಡುವೆಯೂ ಸ್ವಲ್ಪ ಎದೆ ಉಬ್ಬಿಸಿದೆವು. ಆಮೇಲೆ ಅವರು ಮೆಲ್ಲಗೆ ಕೇಳಿದರು.

"ಅಕ್ಕನ್ನ ಎಲ್ಲಿ ಇಟ್ಟಿದ್ದೀರಿ?"

ಡ್ರಿಲ್ ಮೇಷ್ಟ್ರು ಬೇಕರಿ ಮಾಮನನ್ನು ನೋಡಿದರು. ಮಾಮ ಹೂವಿನ ಅತ್ತೆಯನ್ನು ನೋಡಿದರು. ಅತ್ತೆ ನನ್ನನ್ನು ನೋಡಿದರು. ನನಗೆ ನೋಡಲು ಬೇರೆ ಯಾರೂ ಉಳಿದಿರಲಿಲ್ಲವಾದ್ದರಿಂದ ನಾನು ಫಾದರನ್ನೇ ನೋಡಿದೆ.

ಒಂದೊಂದಾಗಿ ಹೊರಬಿತ್ತು. ಅತ್ತೆಯ ಅಂಗಡಿಯಿಂದ ಟೇಪಕ್ಕನ ಮನೆಯ ಬಾಲ್ಕನಿ ಕಾಣುತ್ತದೆ. ಬಾಲ್ಕನಿಯ ಕಂಬಿಯ ಮೇಲೆ ಆ ಕಪ್ಪು ಬಟ್ಟೆ ಕಂಡಿತ್ತು. ಅತ್ತೆ ಹೋಗಿ ಬಾಗಿಲು ತಟ್ಟಿದ್ದರು, ಉತ್ತರವಿಲ್ಲ. ಫೋನು ಮಾಡಿದರೆ ಒಳಗೇ ಬಡಿದುಕೊಂಡಿತ್ತು. ಮನೆಯಲ್ಲಿರುವುದು ಅಕ್ಕ ಒಬ್ಬರೇ. ಇನ್ನು ಕೇಳುವುದೇನಿದೆ? ಬಟ್ಟೆ ಹರವಿದ್ದು ಮೇಷ್ಟ್ರು, ಹೆಣ ಆಸ್ಪತ್ರೆಗೆ ಸಾಗಿಸಿದ್ದೂ ಅವರೇ ಎಂದುಕೊಂಡು ಅತ್ತೆ ಹೂವು ಹಿಡಿದರು. ಮೇಷ್ಟ್ರು ಅದು ಮಾಮನ ಕೆಲಸ ಎಂದುಕೊಂಡರು. ಮಾಮ ಫಾದರದ್ದು ಎಂದುಕೊಂಡರು. ನಾನು ಯಾರದೆಂದೂ ಅಂದುಕೊಳ್ಳದೆ ಕುರ್ಚಿ ಬಿಡಿಸಿದ್ದೆ. ಅಷ್ಟೊಂದು ಅಚ್ಚುಕಟ್ಟಾದ ಏರ್ಪಾಡಿನಲ್ಲಿ ಸತ್ತವರೊಬ್ಬರನ್ನು ಬಿಟ್ಟು ಮಿಕ್ಕಿದ್ದೆಲ್ಲ ಇತ್ತು.

"ಹಾಗಾದ್ರೆ ಆ ಬಟ್ಟೆ ಹಾಕಿದ್ದು ಯಾರು?" ಎಂದರು ಫಾದರ್.

ಪಕ್ಕದ ಬಾಗಿಲು ಕಿರುಗುಟ್ಟಿತು.

ಟೇಪಕ್ಕ ಒಳಗೆ ಬಂದರು. ಗಲ್ಲದ ಕೆಳಗಿನಿಂದ ನೆತ್ತಿಯವರೆಗೆ ಒಂದು ಬಿಳಿ ಬಟ್ಟೆ ಸುತ್ತಿ ಗಂಟು ಹಾಕಿತ್ತು. ನಮ್ಮ ತಂಡದಲ್ಲಿದ್ದವರಿಗೆ ಹಾಗೆ ದವಡೆ ಕಟ್ಟುವುದು ಯಾರಿಗೆ ಎಂದು ಚೆನ್ನಾಗಿ ಗೊತ್ತು. ಮಾಮನ ಕೈಯಿಂದ ಸೌಟು ಬಿತ್ತು. ಒಂದು ಶಾಲೆಯನ್ನೇ ಸೀಟಿಯಲ್ಲಿ ಕುಣಿಸಿದ್ದ ಡ್ರಿಲ್ ಮೇಷ್ಟ್ರು ಪೆಟ್ಟಿಗೆಯ ಬೆಂಚಿನ ಮೇಲೇ ಕುಸಿದು ಕೂತರು. ಕಲಿತ ಕೆಲಸ ಅದೊಂದೇ ಆದ್ದರಿಂದ ನಾನು ಒಂದು ಕುರ್ಚಿ ಸರಿಸಿದೆ. ಅವರು ಕೂತರು. ಮನೆಯವರಿಗೆಂದು ಬಿಟ್ಟ ಮುಂದಿನ ಸಾಲಿನಲ್ಲಿ.

ಅವರು ದವಡೆ ಹಲ್ಲು ಕೀಳಿಸಿಕೊಳ್ಳಲು ಹೋಗಿದ್ದರು. ಕೈಸನ್ನೆಯಿಂದ ಅಷ್ಟು ತಿಳಿಸಲು ತುಂಬಾ ಹೊತ್ತು ಬೇಕಾಯಿತು, ಬಾಯಿ ತುಂಬ ಹತ್ತಿ ಇತ್ತು. ಚರ್ಚಿನ ಹಿತ್ತಿಲ ಗೋಡೆಗೆ ಸುಣ್ಣ ಹೊಡೆಯುತ್ತಿದ್ದುದರಿಂದ, ಮುಗ್ಗು ವಾಸನೆ ಬಂದಿದ್ದ ಬಟ್ಟೆಯನ್ನು ತಮ್ಮ ಬಾಲ್ಕನಿಯಲ್ಲೇ ಒಣಹಾಕಿದ್ದರು. ಫೋನು ಮರೆತಿದ್ದರು. ಮರಳುವಾಗ ಚರ್ಚಿನಲ್ಲಿ ಗುಂಪು ಕಂಡು ಏನೆಂದು ನೋಡಲು ಬಂದಿದ್ದರು. ಇಷ್ಟೇ. ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಅತ್ತೆ ಅವರ ಕೈ ಹಿಡಿದು ಅತ್ತರು. ಮಾಮನಿಗೆ ನಗು ಹತ್ತಿತು, ಅದು ಫಾದರಿಗೂ ಅಂಟಿತು, ನನಗೂ ಅಂಟಿತು. ಸತ್ತವರೇ ಬಂದು ಟೀ ಕುಡಿದು ಹೋಗುವ ಮೊದಲ ಚರ್ಚು ನಮ್ಮದು ಎಂದರು ಮಾಮ. ಟೇಪಕ್ಕ ಟೀ ಕುಡಿಯಲಿಲ್ಲ, ನಗಲೂ ಇಲ್ಲ. ಹೂವಿನ ಚಕ್ರವನ್ನು, ಕುರ್ಚಿಯ ಸಾಲನ್ನು, ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿ ಎದ್ದು ಹೋದರು. ಹಲ್ಲು ನೋವು ಪಾಪ ಎಂದುಕೊಂಡೆವು.

ಭಾನುವಾರದ ಸಭೆಯಲ್ಲಿ ಫಾದರ್ ಎರಡೇ ಮಾತಿನಲ್ಲಿ ಮುಗಿಸಿದರು. ಯಾವ ಕಂಪನಿಯೂ ಬೇಡ, ಇಂಥ ತಂಡ ಎಲ್ಲೂ ಸಿಗದು ಎಂದರು. ಚಪ್ಪಾಳೆ ಬಿತ್ತು. ಟೇಪಕ್ಕ ಎದ್ದರು. ಗೆದ್ದವರು ನಾಲ್ಕು ಮಾತಾಡುತ್ತಾರೆ ಎಂದು ಕಾದೆವು. ಅವರು ಮಡಿಸಿದ ಕಪ್ಪು ಬಟ್ಟೆಯನ್ನು ಮೇಷ್ಟ್ರ ತೊಡೆಯ ಮೇಲಿಟ್ಟು, ಇನ್ನು ನೀವೇ ನೋಡಿಕೊಳ್ಳಿ, ನಾನು ಬರುವುದಿಲ್ಲ ಎಂದು ಹೇಳಿ ಹೊರಟೇಹೋದರು. ಚಪ್ಪಾಳೆ ತಟ್ಟಿದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಕೂತೆವು.

ಆಮೇಲೆ ಎಲ್ಲರದೂ ಒಂದೊಂದು ಊಹೆ. ತಾನಿಲ್ಲದೆಯೂ ನಡೆಯುತ್ತದೆಂದು ಕಣ್ಣಾರೆ ಕಂಡು ಮನಸ್ಸು ಮುರಿದಿದೆ ಎಂದರು ಮೇಷ್ಟ್ರು. ಮಾಮನ ನಗುವೇ ಕಾರಣ ಎಂದರು ಅತ್ತೆ. ಅತ್ತೆ ಕಟ್ಟಿದ ಹೂವು ಅಗ್ಗದ್ದು ಎಂದರು ಮಾಮ. ಕೊನೆಗೆ ಹೋಗಿ ಕೇಳಿ ಬರಲು ಒಬ್ಬ ಬೇಕಾಯಿತು. ಬೈಸಿಕೊಳ್ಳುವುದನ್ನೇ ಕಸುಬು ಮಾಡಿಕೊಂಡವನು ನಾನೊಬ್ಬನೇ ಆದ್ದರಿಂದ ಬೇರೆ ಹೆಸರು ಬರಲಿಲ್ಲ.

ಅಂಗಡಿಯ ಹಿಂದಿನ ಕೋಣೆಯಲ್ಲಿ ಟೇಪಕ್ಕ ನೀಲಿ ಪರದೆಯೊಂದನ್ನು ಮಷೀನಿಗೆ ಕೊಟ್ಟು ಓಡಿಸುತ್ತಿದ್ದರು. ಕೆನ್ನೆಯ ಬಾವು ಇಳಿದಿತ್ತು. ನಾನು ಹವೆ, ಹಲ್ಲು, ಬಸ್ಸು ಎಲ್ಲ ಮಾತಾಡಿದೆ. ಅವರು ಹೂಂಗುಟ್ಟಿದರು. ಕೊನೆಗೆ ಬೇರೆ ದಾರಿಯಿಲ್ಲದೆ ಕೇಳಿದೆ.

"ನಾವು ಏನೂ ತಪ್ಪು ಮಾಡಲಿಲ್ಲವಲ್ಲ ಅಕ್ಕ. ಎಲ್ಲ ನೀವು ಹೇಳಿಕೊಟ್ಟ ಹಾಗೇ ಮಾಡಿದ್ವಿ. ಫಾದರ್ರೇ ಮೆಚ್ಚಿಕೊಂಡ್ರು. ಮತ್ತೆ ಯಾಕೆ ಬಿಟ್ರಿ?"

ಮಷೀನು ನಿಂತಿತು. ಅವರು ಹಲ್ಲಿನಿಂದ ದಾರ ಕಡಿದರು. ಹಲ್ಲು ಕಿತ್ತ ಕಡೆಯಲ್ಲ, ಇನ್ನೊಂದು ಕಡೆಯಿಂದ.

"ಒಬ್ರೂ ನನ್ನ ಮನೆ ಬಾಗಿಲು ಒಡೀಲಿಲ್ಲ ಕಣೋ. ನಾನು ಒಳಗೆ ಬಿದ್ದಿದ್ದು, ಇನ್ನೂ ಉಸಿರಾಡ್ತಾ ಇದ್ದಿದ್ರೆ? ನಿಮ್ಮಂಥವರನ್ನ ತಯಾರು ಮಾಡಿದ್ದು ಸಾಕು."