ಮರೆಪ್ಪಣ್ಣನ ಎಡಗಿವಿ

ಮರೆಪ್ಪಣ್ಣ ಎಂಜಿನ್ನಿನ ಸದ್ದನ್ನು ಹಲ್ಲಿನಿಂದ ಕೇಳುತ್ತಿದ್ದ. ಉದ್ದನೆಯ ಸ್ಕ್ರೂಡ್ರೈವರಿನ ಮರದ ಹಿಡಿಯನ್ನು ಹಲ್ಲಲ್ಲಿ ಕಚ್ಚಿ, ತುದಿಯನ್ನು ಓಡುತ್ತಿರುವ ಎಂಜಿನ್ನಿಗೆ ಊರಿ, ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದ. ಹೊಸದಾಗಿ ನೋಡಿದವರಿಗೆ ಈ ಮನುಷ್ಯ ಗಾಡಿಯನ್ನೇ ತಿನ್ನಲು ಹೊರಟಿದ್ದಾನೆ ಅನ್ನಿಸಬೇಕು. ಸ್ವಲ್ಪ ಹೊತ್ತಾದ ಮೇಲೆ ಹಿಡಿಯನ್ನು ಬಾಯಿಂದ ತೆಗೆದು, ತೋಳಿಗೆ ಒರೆಸಿ, "ಎರಡನೇದು ಸುಸ್ತ್ ಆಗ್ಯಾದ" ಅನ್ನುತ್ತಿದ್ದ. ಬಿಚ್ಚಿ ನೋಡಿದರೆ ಎರಡನೆಯ ಸಿಲಿಂಡರೇ ಕೆಟ್ಟಿರುತ್ತಿತ್ತು.

ಹಲ್ಲಿನಿಂದ ಯಾಕೆಂದರೆ ಅವನ ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿಯಲ್ಲಿ ಅರ್ಧ ಉಳಿದಿತ್ತು. ನಮ್ಮ ಕಡೆ ಕಾಲುವೆ ತೋಡುವ ಕಾಲದಲ್ಲಿ ಅವನು ಶಹಾಪುರದ ಹತ್ತಿರದ ಕ್ಯಾಂಪಿನಲ್ಲಿ ಟಿಪ್ಪರ್ ರಿಪೇರಿಗಿದ್ದ. ಬಂಡೆಗೆ ಮದ್ದಿಟ್ಟು ಸೀಟಿ ಊದಿದಾಗ ಎಲ್ಲರೂ ಓಡಿದರೆ ಇವನು ಗಾಡಿಯ ಕೆಳಗೇ ಮಲಗಿರುತ್ತಿದ್ದನಂತೆ. "ನಟ್ ಅರ್ಧ ಬಿಗದಿದ್ದೆ ತಮ್ಮಾ, ಬಿಟ್ಟು ಹ್ಯಾಂಗ ಓಡ್ಲಿ?" ಎಂದು ನನಗೆ ಹೇಳುವಾಗ ಅವನ ಮುಖದಲ್ಲಿ ಮೆಡಲ್ ಗೆದ್ದವನ ಕಳೆ ಇರುತ್ತಿತ್ತು.

ಹೋದ ಕಿವಿಯನ್ನು ಅವನು ಚೆನ್ನಾಗಿ ದುಡಿಸಿಕೊಂಡ. ಬೇಡದ ಮಾತು ಬಂದರೆ ಎಡಗಿವಿ ತಿರುಗಿಸುತ್ತಿದ್ದ. ಹೆಂಡತಿ ಬೈದರೆ ಎಡಗಿವಿ, ಗಿರಾಕಿ ಅವಸರ ಮಾಡಿದರೆ ಎಡಗಿವಿ. ಚಹಾ ಬಂತು ಎಂದು ಪಿಸುಗುಟ್ಟಿದರೆ ಮಾತ್ರ ಬಲಗಿವಿ ಎಚ್ಚರವಾಗುತ್ತಿತ್ತು. ಅವನ ಗ್ಯಾರೇಜಿಗೆ ಅಂಟಿಕೊಂಡಂತೆ ನನ್ನ ಬ್ಯಾಟರಿ, ವೈರಿಂಗಿನ ಅಂಗಡಿ. ದಿನವೂ ಈ ಆಟ ನೋಡಿ ನಗುತ್ತಿದ್ದೆ. ಈಗ ಆ ಎಡಗಿವಿಯನ್ನು ನೆನೆದರೆ ಮೈ ಉರಿಯುತ್ತದೆ.

ಕಾರ್ಬೊರೇಟರಿನ ಹಳೆಯ ಗಾಡಿಗಳು ಇದ್ದಷ್ಟು ದಿನ ಈ ರಸ್ತೆಯಲ್ಲಿ ಅವನದೇ ದರ್ಬಾರು. ಆಮೇಲೆ ಕಂಪ್ಯೂಟರ್ ಗಾಡಿಗಳು ಬಂದವು. ಬಾನೆಟ್ ತೆಗೆದು, ಒಳಗಿನ ವೈರು, ಕಪ್ಪು ಡಬ್ಬಿ ನೋಡಿ, "ಇದು ಗಾಡಿ ಅಲ್ಲೋ, ರೇಡಿಯೊ" ಎಂದು ಬಾನೆಟ್ ಧಡ್ಡನೆ ಮುಚ್ಚಿದ. ಗಿರಾಕಿಗಳು ಸುಮ್ಮನೆ ಯಾದಗಿರಿಯ ದಾರಿ ಹಿಡಿದರು. ಮರೆಪ್ಪಣ್ಣ ಖಾಲಿ ಗ್ಯಾರೇಜಿನ ಮುಂದೆ ಸ್ಟೂಲ್ ಹಾಕಿಕೊಂಡು, ಹೋಗುವ ಗಾಡಿಗಳಿಗೆಲ್ಲ ಬೈಯುತ್ತಾ ಕೂತ. ಅವನು ಹಾಗೆ ಕೂತದ್ದನ್ನು ನನ್ನಿಂದ ನೋಡಲಾಗಲಿಲ್ಲ. ಹೈದರಾಬಾದಿನಿಂದ ಗ್ಯಾಸ್ ಕಿಟ್ ಮಾರುವವನೊಬ್ಬ ನನ್ನ ಅಂಗಡಿಗೆ ಬಂದಾಗ ಅವನ ಕೈ ಹಿಡಿದು ಸೀದಾ ಪಕ್ಕಕ್ಕೆ ಕರೆದುಕೊಂಡು ಹೋದೆ.

ಪೆಟ್ರೋಲ್ ಗಾಡಿಯನ್ನು ಗ್ಯಾಸಿನ ಮೇಲೆ ಓಡಿಸುವ ಕಿಟ್ ಅದು. ಡಿಕ್ಕಿಯಲ್ಲಿ ಗ್ಯಾಸಿನ ಟ್ಯಾಂಕ್, ಎಂಜಿನ್ನಿಗೆ ಗ್ಯಾಸ್ ಚಿಮ್ಮುವ ಸಣ್ಣ ಇಂಜೆಕ್ಟರುಗಳು, ಅವನ್ನು ಆಳುವ ಒಂದು ಪುಟ್ಟ ಕಂಪ್ಯೂಟರ್. ಲ್ಯಾಪ್‌ಟಾಪಿಗೆ ವೈರ್ ಚುಚ್ಚಿದರೆ ಪರದೆಯ ಮೇಲೆ ಚೌಕಗಳ ದೊಡ್ಡ ಕೋಷ್ಟಕ ಬರುತ್ತದೆ. ಮೇಲಿಂದ ಕೆಳಗೆ ಎಂಜಿನ್ನಿನ ವೇಗ, ಎಡದಿಂದ ಬಲಕ್ಕೆ ಅದರ ಮೇಲಿನ ಭಾರ. ಇಷ್ಟು ವೇಗ, ಇಷ್ಟು ಭಾರ ಇದ್ದಾಗ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರಬೇಕು ಎಂಬುದು ಒಂದೊಂದು ಚೌಕದಲ್ಲಿ. ಗಾಡಿ ಓಡುವಾಗ ಒಂದು ಹಸಿರು ಚುಕ್ಕಿ ಆ ಚೌಕಗಳ ಮೇಲೆ ಓಡಾಡುತ್ತಾ ಎಂಜಿನ್ ಈಗ ಎಲ್ಲಿದೆ ಎಂದು ತೋರಿಸುತ್ತದೆ. ಕಿಟ್ಟಿನವನು ಅರೆಬರೆ ಕಲಿಸಿ ಸಂಜೆಯ ಬಸ್ಸಿಗೆ ಹೊರಟುಹೋದ.

ಉಳಿದದ್ದನ್ನು ನಾವಿಬ್ಬರೇ ಕಲಿತೆವು. ಇಂಜೆಕ್ಟರಿಗೆ ಮರೆಪ್ಪಣ್ಣ ಪಿಚಕಾರಿ ಎಂದು ಹೆಸರಿಟ್ಟ. ಅವನು ಓಡಿಸುವುದು, ನಾನು ಪಕ್ಕದಲ್ಲಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಚುಕ್ಕಿ ನೋಡುವುದು. ಊರೊಳಗಿನ ರಸ್ತೆಯಲ್ಲಿ ಎಮ್ಮೆ, ಆಟೊ, ತಗ್ಗು. ಚುಕ್ಕಿ ಒಂದು ಕಡೆ ನಿಲ್ಲುತ್ತಿರಲಿಲ್ಲ. "ಕಾಲುವಿ ದಂಡಿಗೆ ನಡಿ" ಅಂದ. ಕಾಲುವೆಯ ಪಕ್ಕದ ರಸ್ತೆ ಹಾಸಿದ ಚಾಪೆಯ ಹಾಗೆ ಸಮ, ಕಣ್ಣು ಹೋದಷ್ಟು ದೂರ ನೇರ, ಎರಡೂ ಕಡೆ ಭತ್ತ. ಆ ರಸ್ತೆಯ ಗೇಟು ಕಾಯುವವನು ಅವನ ಹಳೆಯ ಕ್ಯಾಂಪಿನ ಗೆಳೆಯ, ನಮಗಾಗಿ ಸರಪಳಿ ಇಳಿಸುತ್ತಿದ್ದ. "ಕಾಲು ಕಲ್ಲಾಗಬೇಕು ತಮ್ಮಾ. ಕಾಲು ಅಳ್ಳಾಡಿದ್ರ ಕಂಪ್ಯೂಟರ್ ಸುಳ್ಳು ಕಲೀತದ" ಎಂದು ಎಕ್ಸಿಲೇಟರನ್ನು ಕೂದಲೆಳೆಯಷ್ಟೂ ಅಲುಗಿಸದೆ ಓಡಿಸುತ್ತಿದ್ದ. ಒಂದು ಚೌಕ ಸರಿಯಾದರೆ ಮುಂದಿನದಕ್ಕೆ. ಗ್ಯಾಸ್ ಕಡಿಮೆ ಮಾಡು, ಇನ್ನೂ ಕಡಿಮೆ, ಅನ್ನುತ್ತಾ ಸ್ಟೇರಿಂಗಿನ ಮೇಲೆ ಹಲ್ಲು ಊರಿ ಎಂಜಿನ್ನಿನ ನಡುಕ ಕೇಳುತ್ತಿದ್ದ. ಆ ವಯಸ್ಸಿನಲ್ಲಿ ಹೊಸ ವಿದ್ಯೆ ಕೈಗೆ ಹತ್ತಿದ ಖುಷಿ ನೋಡಬೇಕಿತ್ತು. ಮರಳಿ ಬರುವಾಗ ದಾರಿಯುದ್ದಕ್ಕೂ ಹಾಡುತ್ತಿದ್ದ, ಅದೂ ಕೆಟ್ಟ ದನಿಯಲ್ಲಿ. ನನ್ನ ಬದುಕಿನ ಒಳ್ಳೆಯ ದಿನಗಳು ಅವು ಎಂದು ಈಗಲೂ ಹೇಳುತ್ತೇನೆ.

ಮರೆಪ್ಪಣ್ಣನ ಗ್ಯಾಸ್ ಗಾಡಿ ಕಡಿಮೆ ಗ್ಯಾಸಿನಲ್ಲಿ ಜಾಸ್ತಿ ಓಡುತ್ತದೆ ಎಂದು ಹೆಸರಾಯಿತು. ಗ್ಯಾರೇಜಿನ ಮುಂದೆ ಮತ್ತೆ ಸಾಲು. ಆದರೆ ಸಮತಟ್ಟಾದ ಕಾಲುವೆ ದಂಡೆಯಲ್ಲಿ ಎಂಜಿನ್ನಿನ ಮೇಲೆ ಭಾರವೇ ಬೀಳುವುದಿಲ್ಲ. ನಮ್ಮ ಹಸಿರು ಚುಕ್ಕಿ ಯಾವಾಗಲೂ ನಡುವಿನ ಚೌಕಗಳಲ್ಲೇ ಓಡಾಡಿತು. ಭಾರ ಹೆಚ್ಚಿರುವ ಬಲಗಡೆಯ ಚೌಕಗಳಿಗೆ ಒಮ್ಮೆಯೂ ಕಾಲಿಡಲಿಲ್ಲ. ಅಲ್ಲಿ ಏನು ಹಾಕೋಣ ಎಂದು ನಾನು ಕೇಳಿದರೆ, "ನಡುವ ಎಷ್ಟು ಕಡಿಮಿ ಮಾಡೀವಿ, ಅಲ್ಲೂ ಅಷ್ಟೇ ಮಾಡು. ಎಂಜಿನ್ ಒಂದೇ ಅದಲ್ಲ?" ಅಂದ. ಒಮ್ಮೆ ಏರಿನ ಮೇಲೂ ಓಡಿಸಿ ನೋಡೋಣ ಅಂದೆ. ಎಡಗಿವಿ ತಿರುಗಿಸಿದ.

ಅವನ ಅಕ್ಕನ ಮಗ ಹಣಮಂತ ಕೆಂಭಾವಿಯವನು. ಶಹಾಪುರದ ಬಟ್ಟೆ ಅಂಗಡಿಯ ಸಾಹುಕಾರರ ಬಿಳಿ ಬಾಡಿಗೆ ಕಾರಿಗೆ ಡ್ರೈವರ್. ಆ ಕಾರಿಗೂ ನಾವೇ ಕಿಟ್ ಹಾಕಿದ್ದೆವು. ಬಾಡಿಗೆ ಬಹುತೇಕ ಸುರಪುರದ ಗುಡ್ಡದ ಕಡೆಗೇ ಇರುತ್ತಿತ್ತು. ಹಣಮಂತ ಸುಮ್ಮನಿರುವ ಮನುಷ್ಯ. ಮಾವನ ಮುಂದಂತೂ ಬಾಯಿಯೇ ಇರಲಿಲ್ಲ. ಅಂಥವನು ಎರಡು ಮೂರು ಸಲ ಬಂದು, "ಮಾವ, ಮಂದಿ ತುಂಬಿ ಗುಡ್ಡ ಹತ್ತುವಾಗ ಗಾಡಿ ಬಿಸಿ ಆಗಾಕತ್ತದ" ಎಂದ.

"ಗೇರ್ ಬದಲಸಾಕ ಕಲಿ ಮೊದಲ."

"ಬದಲಸ್ತೀನಿ ಮಾವ."

"ನಾ ಕೂಡಿಸಿದ ಗಾಡಿ ಬಿಸಿ ಆಗಂಗಿಲ್ಲ. ನಡಿ."

ಒಂದು ಮಧ್ಯಾಹ್ನ ಆ ಕಾರು ಗುಡ್ಡದ ಏರಿನಲ್ಲಿ, ಮಂದಿ ತುಂಬಿಕೊಂಡು, ಉಸಿರು ಬಿಟ್ಟು ನಿಂತಿತು. ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದರು. ಎಂಜಿನ್ನಿನ ಹೆಡ್ ಬಿಚ್ಚಿದರೆ ವಾಲ್ವುಗಳ ಅಂಚು ಇಲಿ ಕಡಿದ ರೊಟ್ಟಿಯ ಹಾಗೆ ಸುಟ್ಟು ಹೋಗಿತ್ತು. ಭಾರ ಬಿದ್ದಾಗ ಗ್ಯಾಸ್ ಸಾಲದೆ, ಗಾಳಿಯೇ ಹೆಚ್ಚಾಗಿ, ಒಳಗಿನ ಉರಿ ಅತಿಯಾಗಿ ಕಾದು ಎಂಜಿನ್ ಬೆಂದಿತ್ತು. ನಾವು ಕಣ್ಣಿಂದ ನೋಡದೆ ಅಂದಾಜಿನ ಮೇಲೆ ತುಂಬಿದ ಆ ಬಲಗಡೆಯ ಚೌಕಗಳೇ ಅದನ್ನು ಸುಟ್ಟಿದ್ದು.

ಸಾಹುಕಾರರು ಬಂದು ಕೇಳಿದ್ದು ಒಂದೇ ಮಾತು: "ಮರೆಪ್ಪ, ಯಾರ ತಪ್ಪು?"

ಮರೆಪ್ಪಣ್ಣ ಸುಟ್ಟ ವಾಲ್ವನ್ನು ಕೈಯಲ್ಲಿ ತಿರುಗಿಸಿದ. ಅವನಿಗೆ ಗೊತ್ತಾಗಿತ್ತು, ಅವನ ಹೆಬ್ಬೆರಳು ಆ ಅಂಚನ್ನು ಸವರಿದ ರೀತಿಯಲ್ಲೇ ನನಗದು ತಿಳಿಯಿತು. ಆದರೂ ಹೇಳಿದ, "ಡ್ರೈವರಂದು ಸಾವ್ಕಾರ್ರ. ಟಾಪ್ ಗೇರಿನ್ಯಾಗ ಗುಡ್ಡ ಎಳದಾನ. ಎಂಜಿನ್ ಸುಟ್ಟಾನ."

ನಾನು ಎದ್ದು ನಿಂತೆ. "ಸುಳ್ಳು ಯಾಕ ಹೇಳ್ತೀರಿ ಅಣ್ಣಾ? ತಪ್ಪು ನಮ್ಮ ಟ್ಯೂನಿಂಗಿನ್ಯಾಗ ಅದ. ಗುಡ್ಡದ ಲೆಕ್ಕ ನಾವು ನೋಡೇ ಇಲ್ಲ" ಎಂದು ಲ್ಯಾಪ್‌ಟಾಪ್ ತೆರೆದು ಎಲ್ಲರ ಮುಂದೆ ಹಿಡಿದೆ. ಸಾಹುಕಾರರು ಚೌಕಗಳನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, ಮರೆಪ್ಪನ ಕೈಯನ್ನು ನಂಬಿದರು. ಮರೆಪ್ಪಣ್ಣ ನನ್ನ ಕಡೆ ತಿರುಗಲೇ ಇಲ್ಲ. ನಾನು ನಿಂತದ್ದು ಅವನ ಎಡಗಡೆ. ಹಣಮಂತ ಜೇಬಿನಿಂದ ಕೀಲಿ ತೆಗೆದು ಬಾನೆಟ್ ಮೇಲಿಟ್ಟು ಹೊರಟುಹೋದ.

ಎಂಜಿನ್ ಸುಡುವ ಡ್ರೈವರ್ ಎಂದು ಹೆಸರು ಬಿದ್ದವನ ಕೈಗೆ ನಮ್ಮಲ್ಲಿ ಟ್ರ್ಯಾಕ್ಟರ್ ಕೂಡ ಕೊಡುವುದಿಲ್ಲ. ಅದೂ ಸ್ವಂತ ಮಾವನೇ ಕೊಟ್ಟ ಹೆಸರು. ನಾನು ನಾಲ್ಕು ಕಡೆ ಹೇಳಿ ನೋಡಿದೆ. "ನೀ ವೈರ್ ನೋಡಪ್ಪ, ಎಂಜಿನ್ ಮಾತು ಮರೆಪ್ಪಗ ಬಿಡು" ಎಂದರು. ಹಣಮಂತ ಅಕ್ಕಿ ಮಿಲ್ಲಿನಲ್ಲಿ ಚೀಲ ಹೊರುವ ಕೆಲಸಕ್ಕೆ ಸೇರಿದ.

ಇದಕ್ಕಿಂತ ಮೈ ಉರಿಸುವ ಸಂಗತಿ ಮುಂದಿದೆ. ಮುಂದಿನ ಗಾಡಿಗೆ ಕಿಟ್ ಹಾಕಿದಾಗ ಮರೆಪ್ಪಣ್ಣ ಕಾಲುವೆಯ ಕೆಲಸ ಮುಗಿಸಿ, ಹಿಂದಿನ ಸೀಟಿಗೆ ಭತ್ತದ ಚೀಲ ಹೇರಿಸಿ, "ಸುರಪುರದ ಗುಡ್ಡಕ್ಕ ನಡಿ" ಅಂದ. ಏರಿನ ಮೇಲೆ ಹಸಿರು ಚುಕ್ಕಿ ಮೊದಲ ಸಲ ಬಲಕ್ಕೆ ಸರಿಯಿತು. ಅವನು ಗ್ಯಾಸ್ ಹೆಚ್ಚಿಸಲು ಹೇಳಿದ, ನಾನು ಹೆಚ್ಚಿಸಿದೆ. ಎಂಜಿನ್ ಹಗುರಾಗಿ ಹತ್ತಿತು.

"ಈಗ ಯಾಕ ಗುಡ್ಡ ನೆನಪಾತು ಅಣ್ಣಾ?" ಎಂದು ಕೇಳಿದೆ.

ಅವನು ಓಡಿಸುತ್ತಿದ್ದ. ಪಕ್ಕದ ಸೀಟಿನಲ್ಲಿದ್ದ ನನಗೆ ಸಿಕ್ಕದ್ದು ಅವನ ಎಡಗಿವಿಯೇ.

ಅಂದಿನಿಂದ ಅವನ ಕೈಯಿಂದ ಹೋದ ಒಂದು ಗಾಡಿಯೂ ಸುಡಲಿಲ್ಲ. ಗುರುಮಠಕಲ್ ಕಡೆಯಿಂದ ಡ್ರೈವರುಗಳು ಹುಡುಕಿಕೊಂಡು ಬಂದು ತೆಲುಗಿನಲ್ಲಿ ಹೊಗಳಿದರು. ನಾನೂ ಅವನ ಜೊತೆ ಕೆಲಸ ಮಾಡುತ್ತಲೇ ಇದ್ದೆ, ಹಲ್ಲು ಕಚ್ಚಿಕೊಂಡು. ಮಿಲ್ಲಿನ ಮುಂದೆ ಹೋಗುವಾಗ ಬೆನ್ನ ಮೇಲೆ ಚೀಲ ಹೊತ್ತ ಹಣಮಂತ ಕಂಡರೆ ಮರೆಪ್ಪಣ್ಣ ಕಾಲುವೆಯ ಕಡೆ ನೋಡುತ್ತಿದ್ದ.

ಸಕ್ಕರೆ ಕಾಯಿಲೆ ಅವನ ಕಾಲಿಗೆ ಹತ್ತಿತು, ಆಮೇಲೆ ಮೈಯನ್ನೆಲ್ಲ ತಿಂದಿತು. ಕೊನೆಯ ಸಲ ನೋಡಲು ಹೋದಾಗ, ಬೇಕೆಂದೇ ಅವನ ಬಲಗಡೆ ಕುರ್ಚಿ ಹಾಕಿಕೊಂಡು ಕೂತೆ.

"ಅಣ್ಣಾ, ಹಣಮಂತಗ ಕರಸ್ರಿ. ಒಂದ್ ಮಾತ ಹೇಳ್ರಿ. ಸಾವ್ಕಾರ್ರಿಗೂ ಹೇಳಿ ಕಳಸ್ರಿ. ಅವ ಮತ್ತ ಗಾಡಿ ಹತ್ತಲಿ."

ಅವನು ಬಲಗೈ ಎತ್ತಿ ತನ್ನ ಅಂಗೈಯನ್ನು ನೋಡಿಕೊಂಡ. ಆಮೇಲೆ ಹೇಳಿದ, "ಇಷ್ಟ ಮಂದಿ ನನ್ನ ಕೈ ನಂಬ್ಯಾರ ತಮ್ಮಾ. ನನ್ನ ಹತ್ರ ಇರಾದು ಅದೊಂದೇ. ಅದನ್ನ ತಗದು ಅವಗ ಕೊಟ್ರ ನಾ ಏನಾಗಿ ಸಾಯ್ಲಿ?"

"ಮರೆಪ್ಪಣ್ಣ ಆಗೇ ಸಾಯ್ರಿ" ಎಂದೆ. ಸಿಟ್ಟಿನಲ್ಲೇ ಅಂದೆ.

ಅವನು ಮೆಲ್ಲಗೆ ಮಗ್ಗಲು ಬದಲಿಸಿದ. ಬಲಗಿವಿಯನ್ನು ದಿಂಬಿಗೆ ಒತ್ತಿ, ಎಡಗಿವಿಯನ್ನು ನನಗೆ ಬಿಟ್ಟು ಕಣ್ಣು ಮುಚ್ಚಿದ. ನಾನು ಎದ್ದು ಬಂದೆ.

ಅವನು ಸತ್ತಾಗ ಮಣ್ಣಿಗೆ ಸುತ್ತಲಿನ ಡ್ರೈವರುಗಳೆಲ್ಲ ಬಂದಿದ್ದರು. ಗಾಡಿಗಳು ಸುರಪುರದ ರಸ್ತೆಯುದ್ದಕ್ಕೂ ನಿಂತಿದ್ದವು. ಹೆಗಲು ಕೊಟ್ಟವರಲ್ಲಿ ಹಣಮಂತ ಮುಂದಿದ್ದ. ಚೀಲ ಹೊತ್ತು ಗಟ್ಟಿಯಾದ ಹೆಗಲು. ಎಲ್ಲರಿಗಿಂತ ಹೆಚ್ಚು ಅತ್ತವನೂ ಅವನೇ. ಮಣ್ಣು ಮುಗಿದ ಮೇಲೆ ಅವನನ್ನು ಬೇವಿನ ಮರದ ಕೆಳಗೆ ಕರೆದೆ. ಗುಡ್ಡ, ಚೌಕಗಳು, ಆಮೇಲೆ ಹೇರಿದ ಭತ್ತದ ಚೀಲ, ಹಾಸಿಗೆಯಲ್ಲಿ ಮಾವ ಆಡಿದ ಮಾತು, ಎಲ್ಲ ಬಿಡಿಸಿ ಹೇಳಿದೆ.

ಹಣಮಂತ ತಲೆ ತಗ್ಗಿಸಿ ಕೇಳಿದ. "ಮಣ್ಣು ಇನ್ನಾ ಹಸಿ ಅದ. ಹಂಗ ಮಾತಾಡಬ್ಯಾಡ್ರಿ ಅಣ್ಣಾ" ಎಂದ. "ಮಾವ ಸುಮ್ಮಸುಮ್ಮನೆ ಅನ್ನೋ ಮನುಷ್ಯ ಅಲ್ಲ. ನನಗೇ ಗೇರ್ ಬದಲಸಾಕ ಬರ್ತಿರಲಿಲ್ಲ ಕಾಣಸ್ತದ."

ಇವನು ಓಡಿಸಿದ ಕಾರಿನಲ್ಲಿ ನಾನು ಎಷ್ಟೋ ಸಲ ಕೂತಿದ್ದೇನೆ. ಗೇರ್ ಯಾವಾಗ ಬದಲಾಯಿತು ಎಂಬುದೇ ಗೊತ್ತಾಗುತ್ತಿರಲಿಲ್ಲ. ನನಗೆ ಸಿಟ್ಟು ಬಂತು, ಸತ್ತವನ ಮೇಲೆ, ಬದುಕಿರುವವನ ಮೇಲೆ, ಈ ಊರಿನ ಮೇಲೆ. ನನ್ನ ವ್ಯಾನಿನ ಕೀಲಿಯನ್ನು ಅವನ ಅಂಗೈಯಲ್ಲಿಟ್ಟು, "ಹಿಡಿ. ಮನಿಗೆ ನೀನೇ ಓಡಿಸ್ಕೊಂಡು ಬಾ" ಎಂದೆ.

ಹಣಮಂತ ಕೀಲಿಯನ್ನು ನೋಡಿದ. ಬೆರಳುಗಳು ಒಂದು ಕ್ಷಣ ಅದರ ಮೇಲೆ ಮಡಚಿಕೊಂಡವು. ಆಮೇಲೆ ಅದನ್ನು ಮೆಲ್ಲಗೆ ನನ್ನ ಜೇಬಿಗೆ ಹಾಕಿ, ಕೈಯನ್ನು ಅಂಗಿಗೆ ಒರೆಸಿಕೊಂಡು ಹಿಂದೆ ಸರಿದ.

"ಬ್ಯಾಡ್ರಿ ಅಣ್ಣಾ, ಎಂಜಿನ್ ಸುಟ್ಟಗಿಟ್ಟೇನು" ಎಂದ.