ಅಣ್ಣನಿಗೆಂದು ತಂದ ಪೇಟ

ಅಣ್ಣ ನಾರ್ತ್ ಕ್ಯಾರೊಲಿನಾದ ಕಾಲೇಜೊಂದರ ಬೇಸ್‌ಬಾಲ್ ತಂಡದಲ್ಲಿ ಚೆಂಡೆಸೆಯುವ ಪಿಚರ್. ಆ ವರ್ಷದ ಅತ್ಯುತ್ತಮ ಆಟಗಾರರನ್ನು ಗೌರವಿಸುವ ಔತಣ ಹತ್ತಿರವಾದಂತೆ ಅವನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ನನ್ನ ಬಾಯಂತೂ ಸುಮ್ಮನಿರುತ್ತಿರಲಿಲ್ಲ. ಅವನು ಬಾತ್‌ರೂಮಿನಲ್ಲಿದ್ದಾಗ ಬಾಗಿಲಾಚೆ ನಿಂತು ಅವನ ಕೋಚ್‌ನ ಗೊಗ್ಗರು ದನಿಯಲ್ಲಿ ಅವನ ಹೆಸರು ಘೋಷಿಸುತ್ತಿದ್ದೆ. ಪ್ರತಿ ಸಲವೂ ನಂಬಿ ಬೆಚ್ಚುತ್ತಿದ್ದ.

ಔತಣಕ್ಕೆ ಅಪ್ಪ ಗ್ರೋಸರಿ ಚೀಲದಲ್ಲಿ ಮೈಸೂರು ಪೇಟ, ಶಾಲು ತಂದರು. ಅವರ ಪ್ರಕಾರ ಇವೆರಡೂ ಇಲ್ಲದ್ದು ಸನ್ಮಾನವೇ ಅಲ್ಲ.

"ಅಪ್ಪ, ನಾನು ಸೆಲೆಕ್ಟ್ ಆಗ್ದಿದ್ರೆ?" ಅಂದ ಅಣ್ಣ.

"ಶಾಲಲ್ಲಿ ನಿನ್ ತಮ್ಮನ ಬಾಯಿ ಕಟ್ಟೋಣ ಬಿಡು."

ಕೋಚ್ ಹೆಸರುಗಳನ್ನು ಓದತೊಡಗಿದರು. ಅಣ್ಣನ ಮೊಣಕಾಲಿನ ಕುಣಿತಕ್ಕೆ ಟೇಬಲ್ಲಿನ ಲೋಟಗಳೆಲ್ಲ ತುಳುಕಿದವು. ಕೊನೆಗೆ ಅವನ ಹೆಸರೂ ಬಂತು. ಅವನು ಏಳಲಿಲ್ಲ, ತಿರುಗಿ ನನ್ನ ಬಾಯನ್ನೇ ನೋಡಿದ. ಅದರ ತುಂಬ ಆಲೂಗಡ್ಡೆಯಿತ್ತು. ನಾನಲ್ಲ ಎಂದು ತಲೆಯಾಡಿಸಿದೆ.

ಅಷ್ಟರಲ್ಲಿ ಅಪ್ಪ ಪೇಟ ಹಿಡಿದು ವೇದಿಕೆ ಹತ್ತಿಬಿಟ್ಟಿದ್ದರು. ಮಗ ಬಾರದ್ದು ಕಂಡು, ಏನೂ ತೋಚದೆ, ಅದನ್ನು ಕೋಚ್ ತಲೆಗೇ ತೊಡಿಸಿದರು.

ಪೇಟ ತೊಟ್ಟ ಕೋಚ್ ಇನ್ನೊಮ್ಮೆ ಹೆಸರು ಕರೆದರು. ನನ್ನಷ್ಟು ಚೆನ್ನಾಗಿ ಕರೆಯಲಿಲ್ಲ. ಆದರೂ ಈ ಸಲ ಅಣ್ಣ ಎದ್ದ.