ಕಾಯದೆ ಹಾಕಿದ ಸಹಿ

ಬಾಗಿಲಿಗೆ ಬಣ್ಣ ಹೊಡೆಯಲು ಬಂದವರು ಮೊನ್ನೆ ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದಿಟ್ಟು ಊಟಕ್ಕೆ ಹೋಗಿದ್ದರು. ಈ ಕಾಲದಲ್ಲಿ ಅದು ಅವರಿಗೆ ಎಲ್ಲಿ ಸಿಕ್ಕಿತೋ. ಆ ವಾಸನೆಗೆ ನಾನು ವರಾಂಡದಲ್ಲೇ ನಿಂತುಬಿಟ್ಟೆ. ರಾಮಗಿರಿಯ ಎದುರು ಮನೆ ಅಣ್ಣ ನೆನಪಾದ...

ಎಪ್ಪತ್ತರ ದಶಕ. ನನ್ನ ತಂದೆ ರಾಮಗಿರಿ ಸ್ಟೇಷನ್ ಮಾಸ್ಟರ್. ನಾನು ಚಿತ್ರದುರ್ಗದ ಕಾನ್ವೆಂಟ್ ಹಾಸ್ಟೆಲ್ಲಿನಿಂದ ರಜೆಗೆ ಬರುತ್ತಿದ್ದೆ. ಕುರಿ ಸಾಕುವವರ ಮನೆಯಲ್ಲಿ ಹುಟ್ಟಿ ಓದಿದ ಅಣ್ಣ, ಬೆಂಗಳೂರಿನಲ್ಲಿ ವಿಮಾನದ ಬಿಡಿಭಾಗ ಮಾಡುವ ಫ್ಯಾಕ್ಟರಿಯಲ್ಲಿ ಕ್ವಾಲಿಟಿ ಇಂಜಿನಿಯರ್. ಅಲ್ಲಿ ಏನು ಮಾಡುತ್ತೀ ಎಂದು ಅವನ ತಂಗಿಯೂ ನಾನೂ ಒಮ್ಮೆ ಪೀಡಿಸಿದಾಗ, ಬಾವಿಯ ರಾಟೆ ಬಿಚ್ಚಿ ತಂದು ಸೀಮೆಎಣ್ಣೆ ಸವರಿದ. ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಚಾಕ್‌ಪುಡಿ ಉದುರಿಸಿ, ಸುಮ್ಮನೆ ಕುಳಿತ. ಸ್ವಲ್ಪ ಹೊತ್ತಿಗೆ ಬಿಳಿ ಪುಡಿಯ ಮೇಲೆ ಕೂದಲೆಳೆಯಂಥ ಒದ್ದೆ ಗೆರೆ ಮೂಡಿತು. ಕಾಣದ ಬಿರುಕಿನೊಳಗೆ ಉಳಿದ ಎಣ್ಣೆ ಹೊರಬಂದಿತ್ತು. ಫ್ಯಾಕ್ಟರಿಯಲ್ಲಿ ಬೇರೆ ಎಣ್ಣೆ, ಬೇರೆ ಪುಡಿ, ಬಟ್ ಪ್ರಿನ್ಸಿಪಲ್ ಒಂದೇ. ಕಾಯುವುದೇ ಟೆಸ್ಟು, ಅವಸರ ಮಾಡಿದರೆ ಎಲ್ಲ ಪೀಸೂ ಚೆನ್ನಾಗಿಯೇ ಕಾಣುತ್ತದೆ ಎಂದಿದ್ದ.

ಆ ತಂಗಿಯ ನಿಶ್ಚಿತಾರ್ಥದ ದಿನ ಬೆಳಗಿನ ಗಾಡಿಗೆ ಬಂದಿಳಿದ. ಹೊಸದುರ್ಗದ ಬೀಗರು, ವೆರಿ ಪ್ರೌಡ್ ಪೀಪಲ್. ಆಫೀಸರ್ ಭಾವಮೈದುನ ಸಿಗುತ್ತಾನೆಂದೇ ಒಪ್ಪಿದ್ದರು. ತಾಂಬೂಲ ಸಂಜೆಗಿತ್ತು; ಮಧ್ಯಾಹ್ನ ಊಟದ ಪಂಕ್ತಿಯಲ್ಲಿ ಹುಡುಗನ ಸೋದರಮಾವ ತಮಾಷೆಗೆ ಕೇಳಿದರು: "ಏನಪ್ಪ, ನೀನು ಪಾಸ್ ಮಾಡಿದ ವಿಮಾನದಾಗೆ ನಾವು ಧೈರ್ಯವಾಗಿ ಕುಂತ್ಕಬೌದಾ?"

ಎಲ್ಲರೂ ನಕ್ಕರು. ಪಾಯಸ ಬಡಿಸುತ್ತಿದ್ದ ಅಣ್ಣ ಸೌಟು ಹಿಡಿದು ನಿಂತೇ ಇದ್ದ. ಆಮೇಲೆ ಒಳಗೆ ಬಂದು ತಾಯಿಗೆ ಹೇಳಿದ್ದು, ಅಲ್ಲೇ ತಂಗಿಗೆ ಹೂ ಮುಡಿಸುತ್ತಿದ್ದ ನನಗೂ ಕೇಳಿಸಿತು. ರೈಲು ತಪ್ಪೀತೆಂದು, ಕೊನೆಯ ಬ್ಯಾಚಿನ ಪೀಸುಗಳಿಗೆ ಪುಡಿ ಹಾಕಿದ ಕೂಡಲೇ ಪಾಸ್ ಎಂದು ಸಹಿ ಮಾಡಿ ಬಂದಿದ್ದ. ಕಾದಿರಲಿಲ್ಲ. ಈಗಲೇ ವಾಪಸ್ ಹೋಗಿ ಹೇಳಬೇಕು ಎಂದ.

"ಲೇ, ನೀ ಬಾಯಿ ಬಿಡ್ದಿದ್ರೆ ಯಾರಿಗೆ ಗೊತ್ತಾಗ್ತೈತೆ?" ಎಂದರು ತಾಯಿ.

"ಮೇಲೆ ಹಾರೋನಿಗೆ ಗೊತ್ತಾಗ್ತೈತಮ್ಮ."

ತಂಗಿ ಎದ್ದು ಹೋಗಿ ಅವನ ಬ್ಯಾಗು ತಂದು ಕೊಟ್ಟಳು. ತಾಂಬೂಲ ಬದಲಾಯಿಸುವ ಮೊದಲೇ ಅವನು ಸ್ಟೇಷನ್ನಿಗೆ ನಡೆದ.

ಫ್ಯಾಕ್ಟರಿಯವರು ಆ ಬ್ಯಾಚನ್ನೆಲ್ಲ ತಡೆದು ಮತ್ತೆ ಟೆಸ್ಟ್ ಮಾಡಿದರಂತೆ. ಒಂದರಲ್ಲೂ ಬಿರುಕಿರಲಿಲ್ಲ. ನಾಟ್ ಎ ಸಿಂಗಲ್ ಒನ್. ಆದರೆ ಕಾಯದೆ ಸಹಿ ಹಾಕಿದ್ದು ಹಾಕಿದ್ದೇ; ಎನ್‌ಕ್ವೈರಿ ನಡೆದು ಕೆಲಸ ಹೋಯಿತು. ಬೀಗರು ಹಿಂದೆ ಸರಿದರು. ಅಣ್ಣ ಹೊಳಲ್ಕೆರೆಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟ. ಏನೂ ಇಲ್ಲದ್ದಕ್ಕೆ ತಂಗಿ ಮದುವೆ ಕೆಡಿಸಿದ ಎಂದು ಜನ ಅವನೆದುರೇ ಆಡಿಕೊಂಡರು. ತಾಯಿ ಸಾಯುವ ತನಕ ಅವನೊಂದಿಗೆ ಸರಿಯಾಗಿ ಮಾತಾಡಲಿಲ್ಲ... ತಂಗಿಗೆ ಮತ್ತೆ ಯಾವ ಸಂಬಂಧವೂ ಕೂಡಿಬರಲಿಲ್ಲ. ಅಣ್ಣ ತಂಗಿ ಒಂದೇ ಮನೆಯಲ್ಲಿ ಮುದುಕರಾದರು.

ಈಗ ಅಣ್ಣನೂ ಇಲ್ಲ. ಮೊನ್ನೆ ಸಂಜೆ ಅವಳಿಗೆ ಫೋನ್ ಮಾಡಿದಾಗ ಆ ದಿನದ ಮಾತು ಬಂತು. ಅವನು ಅವತ್ತು ವಾಪಸ್ ಹೋದದ್ದೇ ಸರಿ, ಬ್ಯಾಗು ಕೊಟ್ಟವಳು ನಾನೇ ಅಲ್ಲವಾ ಎಂದಳು.

"ಆದ್ರೂ... ಒಂದ್ ಪೀಸಾದ್ರೂ ಬಿರುಕು ಬಿಟ್ಟಿತ್ತು ಅಂತ ನಂಗೊಂದು ಸುಳ್ಳು ಹೇಳ್ಬೌದಿತ್ತಲ್ಲೇ ಅವ್ನು."

ಆ ಸುಳ್ಳು ಹೇಳಬೇಕಾದವನು ಹೋಗಿಬಿಟ್ಟಿದ್ದಾನೆ. ಇದ್ದಿದ್ದರೂ ಹೇಳುತ್ತಿರಲಿಲ್ಲ.